ಕಾವಿಗೆ ಕೂತದ್ದು ಬಿಟ್ಟು

ನೋಟೀಸು ಮಲೆಯಾಳದಲ್ಲಿತ್ತು.
ಸೆವರಿನ್ ಬಾಯಿ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು
ಬೇಳದಿಂದ ನಡೆದೇ ಬಂದಿದ್ದರು.
ಉಮಿಯ ಮೇಲೆ ಹದಿನಾಲ್ಕು ಮೊಟ್ಟೆ,
ಮೊಟ್ಟೆಗಳ ಮೇಲೆ ಸರಕಾರ, ನಾಲ್ಕು ಮಡಿಕೆಯಾಗಿ.

"ಓದಿ ಹೇಳಿ ಮಾರಾಯ್ರೇ,
ಬೈದದ್ದಾ, ಕರೆದದ್ದಾ?"

ಆ ಆಫೀಸಿನ ಕನ್ನಡ ಅಂದರೆ ನಾನು.
ತಿಂಗಳಿಗೆ ಹದಿನೈದು ದಿನ, ದಿನಗೂಲಿ,
ಕಪಾಟಿಗೂ ಕಕ್ಕಸಿಗೂ ನಡುವೆ ಒಂದು ಮೇಜು.

ಓದಿದೆ. ಹಿತ್ತಿಲಲ್ಲಿ ಇಂತಿಷ್ಟು ಕೋಳಿ ತನಕ
ಲೈಸೆನ್ಸು ಬೇಡ. ಅದರ ಮೇಲೆ ಒಂದು ಕೊಕ್ಕು ಹೆಚ್ಚಾದರೂ
ಅದು ಹಿತ್ತಿಲಲ್ಲ, ಫಾರ್ಮು.
ಗೂಡು ಬಾವಿಯಿಂದ ಇಷ್ಟು ದೂರ, ಬೇಲಿಯಿಂದ ಇಷ್ಟು.
ಹಿಕ್ಕೆಗೆ ಮುಚ್ಚಳವಿದ್ದ ಗುಂಡಿ.
ಸದ್ದಿಗೆ ಮಾತ್ರ ಅಳತೆ ಬರೆದಿರಲಿಲ್ಲ,
ನೆರೆಯವರಿಗೆ ಉಪದ್ರ ಆಗದಂತೆ, ಎಂದಿತ್ತು.

ದೂರು ಕೊಟ್ಟವರ ಹೆಸರು ಹೇಳುವ ಹಾಗಿಲ್ಲ.
ಹೇಳಲಿಲ್ಲ.
"ಕುಂಞಂಬು ಮೇಸ್ಟ್ರು, ಪಾಪ," ಅಂದರು ಅವರೇ,
"ಟೀವಿಯಲ್ಲಿ ಫುಟ್ಬಾಲು ಎರಡು ಗಂಟೆ ತನಕ,
ನಮ್ಮ ಹುಂಜ ಕೂಗುವುದು ನಾಲ್ಕಕ್ಕೆ.
ಅಷ್ಟರೊಳಗೆ ಮಲಗಿ ಏಳುವುದು ಹೇಗೆ?"

ನೋಟೀಸಿನ ಕೋಳಿಗೆ ಬೇರೆಯೇ ಒಂದು ಳ.
ನಾಲಗೆ ಹಿಂದಕ್ಕೆ ಮಡಚಿ, ಎಲ್ಲಿಗೂ ತಾಗಿಸದೆ ಬಿಡಬೇಕು.
ನಮ್ಮಲ್ಲೂ ಇತ್ತು ಅದು, ಶಾಸನದ ಕಲ್ಲುಗಳಲ್ಲಿ,
ಯಾವಾಗಲೋ ಕಳೆದುಕೊಂಡೆವು.
ನಾನು ಕನ್ನಡಕ್ಕೆ ತಿರುಗಿಸುವಾಗೆಲ್ಲ
ಕೋಳಿಯ ಗಂಟಲಲ್ಲಿ ಅಷ್ಟು ಕಡಿಮೆಯಾಗುತ್ತದೆ.
ಬಾಯಿಯ ಮನೆಯಲ್ಲಿ ಅದು ಕುಂಕಡ್,
ಗೂಡು ಕಟ್ಟಿಕೊಟ್ಟ ಐತಪ್ಪನಿಗೆ ಕೋರಿ.
ಯಾವುದೂ ಹೆಸರು ಕರೆದರೆ ಬರುವುದಿಲ್ಲ,
ಬಾ ಬಾ ಬಾ ಎಂದು ಅಕ್ಕಿ ಎಸೆದರೆ ಬರುತ್ತವೆ.

"ಮತ್ತೆ ಮಾರುವುದಕ್ಕೆ?"
ಅದಕ್ಕೆ ಬೇರೆ ಕಾಗದ, ಬೇರೆ ಇಲಾಖೆ.
"ಕೊವೆಂತಿಗೆ ಆರು ಕೊಡ್ತೇನೆ, ದುಡ್ಡಿಗೆ.
ಮರಿಯಂಬಿ ಹೆತ್ತು ಮಲಗಿದ್ದಾಳೆ, ಅವಳಿಗೆ ನಾಲ್ಕು.
ಅವಳು ದುಡ್ಡು ಕೊಡುವುದಿಲ್ಲ,
ಗಂಡನ ಸ್ಕೂಟರಿನಲ್ಲಿ ಬೂತಾಯಿ ಬರುತ್ತದೆ.
ಅದು ಮಾರಿದ್ದಾ, ಕೊಟ್ಟದ್ದಾ?"
ಎರಡೂ ಪುಟ ತಿರುವಿದೆ.
ಕಾನೂನಿನಲ್ಲಿ ಬೂತಾಯಿ ಇರಲಿಲ್ಲ.

ಬುಧವಾರ ಎಣಿಸಲು ಹೋದೆವು,
ಹೊಸ ಇನ್‌ಸ್ಪೆಕ್ಟರು ಪ್ರಸೀತ, ಜೊತೆಗೆ ಅವರ ಕನ್ನಡ.
ಎಣಿಸಿಕೊಳ್ಳಲು ಕೋಳಿ ನಿಲ್ಲುವುದಿಲ್ಲ.
ಬಸಳೆ ಚಪ್ಪರದಡಿ ಹೋದದ್ದೇ
ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಂದದ್ದಾ?
ಕುತ್ತಿಗೆ ಬೋಳಾದದ್ದು ಒಂದಾ, ಎರಡಾ?
ಮೂರು ಸಲ ಎಣಿಸಿ ಮೂರು ಲೆಕ್ಕ.
ಕೊನೆಯದನ್ನು ನಂಬಿದೆವು, ಮಿತಿಗೆ ಒಂದು ಕಡಿಮೆ.

ಪೆನ್ನಿನ ಮುಚ್ಚಳ ತೆಗೆದರು.
ಆಗ ಒಳಗೆ ಮಂಚದ ಅಡಿಯಲ್ಲಿ
ಯಾರೋ ಗೊಣಗಿದ ಹಾಗೆ.

ಹರಕು ಕುಕ್ಕೆಯಲ್ಲಿ ಹೇಂಟೆ, ಇಪ್ಪತ್ತೊಂದನೆಯ ದಿನ,
ರೆಕ್ಕೆಯಡಿ ಹನ್ನೊಂದು.
ಒಂದರಲ್ಲಿ ಬಿರುಕು, ಬಿರುಕಿನಲ್ಲಿ
ಉಪ್ಪಿನ ಹರಳಿನಷ್ಟು ಏನೋ, ಆಡುತ್ತಿತ್ತು.

ಪ್ರಸೀತ ನೆಲಕ್ಕೆ ಕೂತುಬಿಟ್ಟರು.
ಏನೋ ಕೇಳಿದರು ನನ್ನನ್ನು, ಮಲೆಯಾಳದಲ್ಲಿ,
ಇದು ಈಗ ಯಾವ ಕಾಲಮ್ಮಿಗೆ, ಎಂಬಂತೆ.
ನಾನು ತಿರುಗಿಸಲಿಲ್ಲ.
ಒಳಗಿನವರು ಹೊರಗೆ ಬರುವ ತನಕ
ಮೂವರೂ ಮಾತಾಡಲಿಲ್ಲ, ಯಾವುದರಲ್ಲೂ.

ಆಮೇಲೆ ಅವರು ಬರೆದದ್ದನ್ನು
ಅದರ ಕೆಳಗೆ ನಾನು ಕನ್ನಡದಲ್ಲಿ ಬರೆದೆ:
'ಕಾವಿಗೆ ಕೂತದ್ದು ಬಿಟ್ಟು, ಮಿತಿಯೊಳಗೆ.'
ತಾರೀಕು ಹಾಕಿದೆವು.
ಆ ತಾರೀಕಿಗೆ ಅದು ನಿಜ, ಮಧ್ಯಾಹ್ನದ ತನಕವಾದರೂ.

ಹೊರಡುವಾಗ ಬಾಯಿ ಇಬ್ಬರ ಕೈಗೂ ಎರಡೆರಡು ಮೊಟ್ಟೆ ಇಟ್ಟರು.
ಸುಮ್ಮನೆ ಇಟ್ಟುಕೊಂಡರೆ ಲಂಚ.
ದುಡ್ಡು ಕೊಟ್ಟರೆ, ಕಾಗದವಿಲ್ಲದ ಮಾರಾಟ, ನಮ್ಮೆದುರೇ.
ಬಿಸಿಲಲ್ಲಿ ನಿಂತೆವು, ಅಂಗೈ ಬೆಚ್ಚಗೆ.
ಮೇಸ್ಟ್ರ ಗೋಡೆಯ ಮೇಲೆ ಹುಂಜ,
ನೀರ್ಚಾಲಿನ ಬಸ್ಸಿಗೆ ಹತ್ತು ನಿಮಿಷ,
ನಮ್ಮ ಹತ್ತಿರ ಬೂತಾಯಿಯೂ ಇರಲಿಲ್ಲ.